ಮಾರಕ್ಕನ ಸೊಂಟದ ಗಂಟೆ

ಮಾರಕ್ಕನ ತಾತ ಬಸಪ್ಪ, ತನ್ನ ಕೈ ತನಗೇ ಕಾಣದಷ್ಟು ಮಂಜು ಕವಿದ ಒಂದು ಬೆಳಗ್ಗೆ ನೂರಿಪ್ಪತ್ತು ಕುರಿಗಳನ್ನು ತೊಪ್ಪೂರು ಕಣಿವೆ ದಾಟಿಸಿದವನು. ಮುಂದಿನ ಟಗರಿನ ಕೊರಳಲ್ಲಿ ಕಂಚಿನ ಗಂಟೆಯಿತ್ತು. ಆ ಸದ್ದಿನ ಬೆನ್ನು ಹಿಡಿದ ಮಂದೆಯಲ್ಲಿ ಒಂದು ಮರಿಯೂ ತಪ್ಪಲಿಲ್ಲ. ಅಪ್ಪ ಮುನುಸ್ವಾಮಿ ಅದೇ ಗಂಟೆಯ ದನಿ ಕೇಳಿ, ಟಗರು ಯಾವ ಕಾಲು ಕುಂಟುತ್ತಿದೆ ಎಂದು ಮಲಗಿದಲ್ಲಿಂದಲೇ ಹೇಳುತ್ತಿದ್ದ. ಮಂದೆ ಕರಗಿತು, ಗಂಟೆ ಮಾರಕ್ಕನ ಪಾಲಿಗೆ ಉಳಿಯಿತು.

ನಲ್ಲಂಪಳ್ಳಿ ಹತ್ತಿರದ ಒಂದು ಶಾಲೆಯಲ್ಲಿ ಅವಳದು ಮಧ್ಯಾಹ್ನದ ಅಡುಗೆ. ಆ ಶಾಲೆಗೆ ಶರಣ್ಯ ಬಂದಳು. ಏಳು ವರ್ಷ, ಆಟಿಸಂ ಇದ್ದ ಹುಡುಗಿ, ಮಾತಿಲ್ಲ. ಮಕ್ಕಳ ಗದ್ದಲ ಏರಿದರೆ ಕಿವಿ ಮುಚ್ಚಿಕೊಂಡು ಗೇಟಿನಾಚೆ ಓಡುವಳು. ಅಲ್ಲಿ ಲಾರಿಗಳ ರಸ್ತೆ. ಎರಡು ಸಲ ಮಾರಕ್ಕನೇ ಸೌಟು ಬಿಸಾಡಿ ಓಡಿ ಹಿಡಿದು ತಂದಳು.

ಹೆಡ್‌ಮಾಸ್ಟರ್ ಧನಶೇಖರ್ ಹೆದರಿಬಿಟ್ಟರು. "ಇನ್ನೊಂದ್ ಸಲ ರಸ್ತೆಗೆ ಓಡಿದ್ರೆ ಮಗು ಮನೇಲೇ ಇರ್ಲಿ. ನನ್ ಕೈಲಿ ಆಗಲ್ಲ."

ಸಂಗೀತದ ಮೂಲಕ ಇಂಥ ಮಕ್ಕಳಿಗೆ ಕಲಿಸಲು ಸೇಲಂನಿಂದ ವಾರಕ್ಕೆರಡು ದಿನ ಬರುತ್ತಿದ್ದವಳು ಜಯಪ್ರಿಯಾ, ನೇಕಾರರ ಮನೆಯ ಹುಡುಗಿ. ಅವಳು ಕೀಬೋರ್ಡ್ ಒತ್ತಿದರೆ ಶರಣ್ಯ ಮೇಜಿನಡಿಗೆ ನುಗ್ಗುತ್ತಿದ್ದಳು.

"ನಿನ್ ಪೆಟ್ಟಿಗೆ ಕಿರುಚಿದ್ರೆ ನಾನೂ ಮೇಜಿನಡೀಗೇ ಓಗ್ತೀನಿ, ಟೀಚರಮ್ಮ" ಎಂದು ಮಾರಕ್ಕ ನಕ್ಕಳು.

ಮಾರನೆಯ ವಾರ ಅವಳು ಗಂಟೆ ತಂದು ಶರಣ್ಯಳ ಸೊಂಟಕ್ಕೆ ಕಟ್ಟಿದಳು. ಎತ್ತ ಓಡಿದರೂ ಕೇಳಿಸಲಿ ಎಂಬ ಎಣಿಕೆ. ಮಗು ಚೀರಿ, ಗಂಟೆ ಕಿತ್ತೆಸೆದು, ಗೇಟಿಗೆ ಓಡಿತು. ಆಗಷ್ಟೇ ಬಸ್ಸಿಳಿದು ಬಂದ ಜಯಪ್ರಿಯಾ ಅಡ್ಡ ನಿಂತದ್ದಕ್ಕೆ ಉಳಿಯಿತು.

"ಏನ್ ಮಾರಕ್ಕಾ ಇದು! ಅವಳೇನ್ ಮೇಕೆಯಾ?"

ಮಾರಕ್ಕ ತಲೆ ಚಚ್ಚಿಕೊಂಡಳು. "ತಪ್ಪಾಯ್ತಮ್ಮ. ನಮ್ಮಪ್ಪ ಇದ್ದಿದ್ರೆ ಕೋಲ್ ತಗೊಂಡು ಬಾರ್ಸೋನು. ಓಡೋ ಮರಿಗೆ ಯಾರಾನಾ ಗಂಟೆ ಕಟ್ತಾರಾ? ಮುಂದೆ ನಡ್ಯೋ ಟಗರಿಗಲ್ವಾ ಕಟ್ಟೋದು!"

ಗಂಟೆಯನ್ನು ತನ್ನ ಸೊಂಟಕ್ಕೇ ಬಿಗಿದುಕೊಂಡು ಅಂಗಳದಲ್ಲಿ ನಡೆದಳು. ಢಣ್, ಢಣ್. ಅವಸರವಿಲ್ಲ, ಏರಿಳಿತವಿಲ್ಲ. ಕಿವಿ ಮುಚ್ಚಿ ಕುಳಿತಿದ್ದ ಶರಣ್ಯ ಮೂರನೆಯ ಸುತ್ತಿಗೆ ಕೈ ತೆಗೆದಳು. ಐದನೆಯದಕ್ಕೆ ಎದ್ದು ಹಿಂದೆ ಬಂದಳು.

ಜಯಪ್ರಿಯಾ ಜಾಣೆ. ಕೀಬೋರ್ಡನ್ನು ಚೀಲಕ್ಕೆ ಸೇರಿಸಿ, ಆ ನಡಿಗೆಯ ತಾಳಕ್ಕೇ ಮೆಲ್ಲಗೆ ರಾಗ ಎಳೆದಳು. ಪಾಠ ಗಂಟೆಯಿಂದಲೇ ಶುರು, ಗಂಟೆಯಿಂದಲೇ ಮುಗಿತಾಯ. ತಿಂಗಳೆರಡರಲ್ಲಿ ಶರಣ್ಯ ಪುಟ್ಟ ಡೋಲಿಗೆ ಅದೇ ಲೆಕ್ಕದಲ್ಲಿ ಬಡಿಯತೊಡಗಿದಳು.

ಒಂದು ಮಧ್ಯಾಹ್ನ ಊಟದ ಸಾಲಿನಲ್ಲಿ ತಟ್ಟೆಗಳ ರಾಶಿ ಉರುಳಿತು. ಶರಣ್ಯ ಕಿವಿ ಮುಚ್ಚಿ ಓಡಿದಳು. ಧನಶೇಖರ್ ಗೇಟಿನತ್ತ ಧಾವಿಸಿದರು. ಮಗು ಅತ್ತ ಹೋಗಲೇ ಇಲ್ಲ. ಅಡುಗೆಮನೆಯಲ್ಲಿ ಸಾಂಬಾರು ಕಲಕುತ್ತಿದ್ದ ಮಾರಕ್ಕನ ಸೊಂಟ ಅಲುಗಿದಾಗೆಲ್ಲ ಗಂಟೆ ನುಡಿಯುತ್ತಿತ್ತು. ಮಗು ಅಲ್ಲಿಗೆ ಹೋಗಿ ಅವಳ ಸೆರಗು ಹಿಡಿದು ನಿಂತಿತ್ತು.

ಬೆವರೊರೆಸಿಕೊಳ್ಳುತ್ತ ಬಂದ ಹೆಡ್‌ಮಾಸ್ಟರ್, "ಇರ್ಲಿ, ಇಲ್ಲೇ ಇರ್ಲಿ" ಎಂದರು.

ಅಂದು ಸಂಜೆ ಮಾರಕ್ಕ ಮೊಣಕಾಲು ಒತ್ತಿಕೊಳ್ಳುವುದನ್ನು ಕಂಡ ಜಯಪ್ರಿಯಾ ಹೇಳಿದಳು: "ಈ ಸದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿ ಸ್ಪೀಕರಲ್ಲಿ ಹಾಕ್ತೀನಿ ಮಾರಕ್ಕಾ. ನೀವು ಸುತ್ತೋದು ತಪ್ಪುತ್ತೆ."

"ಬ್ಯಾಡ ಕಣಮ್ಮ. ನಿನ್ ಫೋನ್‌ಗೆ ಕಾಲೈತಾ, ಸೆರಗೈತಾ? ಮಗು ಏನ್ ಇಡ್ಕಂತದೆ? ನೀ ಪದ ಹಾಡು. ನಡ್ಯೋದು ನಾನ್ ನಡೀತೀನಿ."