ಕಂಬದ ಗೀಟು

ಬಂಟ್ವಾಳದ ಕೆಳಗಿನ ಪೇಟೆಯಲ್ಲಿ ನೆರೆ ಇಳಿದ ಮೇಲೆ ಮನೆಯ ಹಿರಿಯರು ಮೊದಲು ಮಾಡುತ್ತಿದ್ದ ಕೆಲಸ ಕೆಸರು ತೆಗೆಯುವುದಲ್ಲ, ಗೀಟು ಹಾಕುವುದು. ನೀರು ನಿಂತ ಗುರುತು ಒಣಗಿ ಮಾಸುವ ಮೊದಲೇ ಉಳಿ ಹಿಡಿದು ಗೋಡೆಯಲ್ಲೋ ಕಂಬದಲ್ಲೋ ಒಂದು ಅಡ್ಡಗೆರೆ ಕೆತ್ತಬೇಕು. ಮುಂದಿನವರಿಗೆ ಗೊತ್ತಿರಲಿ ಎಂದು. ನಾನು ಹೈಸ್ಕೂಲಿನಲ್ಲಿದ್ದಾಗ ಬಂದ ದೊಡ್ಡ ನೆರೆಯ ಗೀಟನ್ನು ನನ್ನ ಅಪ್ಪ ಜಗಲಿಯ ಹಲಸಿನ ಕಂಬದಲ್ಲಿ ಕೆತ್ತಿದರು. ಉಳಿ ಅವರ ತಲೆಯ ಮಟ್ಟದಲ್ಲಿತ್ತು. ಮರದ ಹುಡಿ ಅವರ ಹುಬ್ಬಿನ ಮೇಲೆ ಬೀಳುತ್ತಿದ್ದುದು ನನಗೆ ಇನ್ನೂ ನೆನಪಿದೆ.

ಆ ಗೀಟಿನ ವಿಷಯದಲ್ಲಿ ನಾನು ಸುಳ್ಳು ಹೇಳಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅಪ್ಪ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಹಂಚಿನ ಮಾಡು ಇಳಿಸಿ ಮನೆಗೆ ತಾರಸಿ ಹಾಕಿಸಿ ಮಹಡಿ ಕಟ್ಟಿಸಿದೆ. ಮೇಲೆ ನಾನು, ಹೆಂಡತಿ. ಕೆಳಗೆ ರಸ್ತೆಯ ಬದಿಗೆ ನನ್ನ ಬಟ್ಟೆ ಅಂಗಡಿ. ಹಿಂದೆ ಹೊಳೆಯ ಬದಿಗೆ ಜಗಲಿ, ಜಗಲಿಯಿಂದ ನಾಲ್ಕು ಮೆಟ್ಟಿಲು ಹತ್ತಿದರೆ ಒಂದು ಕೋಣೆ. ಹಲಸಿನ ಕಂಬಕ್ಕೆ ಹೊರುವ ಕೆಲಸ ಇರಲಿಲ್ಲ. ಬುಡ ಗೆದ್ದಲು ತಿಂದು ಹುಡಿಹುಡಿಯಾಗಿತ್ತು. ಅಪ್ಪನ ಕೈಯ ಗೆರೆ ಇದ್ದ ಕಂಬ, ಬಿಸಾಡಲು ಮನಸ್ಸು ಬರಲಿಲ್ಲ. ಆಚಾರಿ ಹಾಳಾದ ಬುಡವನ್ನು ಎರಡು ಮೊಳದಷ್ಟು ಕತ್ತರಿಸಿ, ಉಳಿದದ್ದನ್ನು ಜಗಲಿಯ ಮೂಲೆಯಲ್ಲಿ ಸಿಮೆಂಟು ಹಾಕಿ ನಿಲ್ಲಿಸಿದ. ನಾನು ಪಾಲಿಶ್ ಮಾಡಿಸಿದೆ. ಅಪ್ಪನ ತಲೆಯ ಮಟ್ಟದಲ್ಲಿದ್ದ ಗೀಟು ನನ್ನ ಸೊಂಟಕ್ಕೆ ಬಂದು ನಿಂತಿತು. ಬಂದವರು ಕೇಳಿದರೆ, "ದೊಡ್ಡ ನೆರೆಯ ಗುರುತು" ಎಂದಷ್ಟೇ ಹೇಳುತ್ತಿದ್ದೆ. ಆಗ ಅದು ಸುಳ್ಳಾಗಿರಲಿಲ್ಲ. ಅಲಂಕಾರಕ್ಕೆ ಇಟ್ಟ ಮರದ ತುಂಡು, ಅಷ್ಟೆ.

ಮೂಡುಬಿದಿರೆಯಲ್ಲಿ ಕಂಪ್ಯೂಟರಿನಲ್ಲಿ ಎನಿಮೇಶನ್ ಕಲಿಸುವ ಟೀಚರ್ ಒಬ್ಬರು ಮೂರು ವರ್ಷದ ಹಿಂದೆ ನಮ್ಮ ಪೇಟೆಗೆ ಬಂದರು. ಬೆಳುವಾಯಿಯ ಕಡೆಯವರು, ನನ್ನ ಮಗಳ ಪ್ರಾಯ. ದೊಡ್ಡ ನೆರೆಯ ಮೇಲೆ ಒಂದು ಕಿರುಚಿತ್ರ ಮಾಡುತ್ತಿದ್ದರು. ಕೆಮರಾ ಹಿಡಿದು ತೆಗೆಯುವುದಲ್ಲ, ಇಡೀ ಪೇಟೆಯನ್ನೇ ಕಂಪ್ಯೂಟರಿನೊಳಗೆ ಕಟ್ಟುವುದು. ಮನೆ, ಗಲ್ಲಿ, ಮೆಟ್ಟಿಲು ಎಲ್ಲವನ್ನೂ ಅಳೆದಿದ್ದರು.

"ನೀರನ್ನು ನಾನು ಬಿಡಿಸುವುದಲ್ಲ ಅಜ್ಜ," ಎಂದರು. "ಎಷ್ಟು ಎತ್ತರಕ್ಕೆ ಬಂದಿತ್ತು ಅಂತ ಒಂದು ಲೆಕ್ಕ ಕೊಟ್ಟರೆ ಸಾಕು. ಎಲ್ಲಿ ನುಗ್ಗಬೇಕು, ಎಲ್ಲಿ ನಿಲ್ಲಬೇಕು ಅಂತ ಅದೇ ಕಂಡುಕೊಳ್ತದೆ. ಆದರೆ ಆ ಲೆಕ್ಕ ಸರಿ ಇರ್ಬೇಕು."

ಆ ನೆರೆ ಕಂಡವರಲ್ಲಿ ಉಳಿದ ಕೆಲವರು ಒಬ್ಬೊಬ್ಬರು ಒಂದೊಂದು ಎತ್ತರ ಹೇಳುತ್ತಿದ್ದರು. ಗೀಟುಗಳಿದ್ದ ಗೋಡೆಗಳನ್ನು ಜನ ಒಡೆದು ಹೊಸತು ಕಟ್ಟಿದ್ದರು. ಉಳಿದದ್ದು ಎರಡೇ: ನಮ್ಮ ಕಂಬ, ಮತ್ತು ಪೇಟೆಯ ಆ ತುದಿಯ ಹಾಳು ಗೋದಾಮಿನ ಗೋಡೆಯಲ್ಲೊಂದು. ಟೀಚರ್ ಎರಡನ್ನೂ ಅಳೆದು ತಿರುಗಿ ಬಂದರು.

"ಎರಡಕ್ಕೆ ತಾಳೆ ಆಗುವುದಿಲ್ಲ ಅಜ್ಜ. ಗೋದಾಮಿನದ್ದು ತುಂಬಾ ಮೇಲೆ ಉಂಟು. ಯಾವುದು ಸರಿ?"

ಆ ಹೊತ್ತಿಗೆ ಅವರ ಫೋನಿನಲ್ಲಿ ಅವರೇ ಬಿಡಿಸಿದ ಒಂದು ಚಿತ್ರ ನಾನು ನೋಡಿಯಾಗಿತ್ತು. ಸಿನಿಮಾದಲ್ಲಿ ನಮ್ಮ ಕಂಬದ ಪಕ್ಕ ಒಬ್ಬ ಅಜ್ಜ ಕುರ್ಚಿಯಲ್ಲಿ ಕೂತು ಹೊಳೆ ನೋಡುತ್ತಾನೆ, ಆ ಅಜ್ಜ ನಾನೇ ಆಗಬೇಕು ಎಂದಿದ್ದರು. ಕಂಬ ಕತ್ತರಿಸಿದ್ದು ಎಂದರೆ ಸಿನಿಮಾದಿಂದ ಅದೂ ಹೋಯಿತು, ನಾನೂ ಹೋದೆ. ಇನ್ನೊಂದು ವಿಷಯವೂ ಇತ್ತು. ಹೊಳೆಬದಿಯ ಕೋಣೆ ಖಾಲಿ ಬಿದ್ದಿತ್ತು. ಬಾಡಿಗೆಗೆ ನೋಡಲು ಬಂದವರು ನೆರೆಯ ಹೆದರಿಕೆಯಿಂದ ಹಿಂದೆ ಹೋಗುತ್ತಿದ್ದರು.

"ಗೋದಾಮಿನದ್ದು ಯಾರೋ ಕುಡಿದವರು ಕೆತ್ತಿದ್ದು," ಎಂದೆ. "ಇದು ನನ್ನ ಅಪ್ಪ ಕೆತ್ತಿದ್ದು. ನಾನು ಪಕ್ಕದಲ್ಲೇ ನಿಂತಿದ್ದೆ."

ಎರಡನೆಯ ಮಾತು ನಿಜ. ಅದಕ್ಕೇ ಅವರು ನಂಬಿದರು.

ಮೂಡುಬಿದಿರೆಗೆ ಕರೆಸಿಕೊಂಡು ನನ್ನನ್ನು ಸುತ್ತಲಿಂದಲೂ ಫೋಟೋ ತೆಗೆದರು. ಕೂರಿಸಿದರು, ತಲೆ ತಿರುಗಿಸಲು ಹೇಳಿದರು. ಕೆಲವು ತಿಂಗಳ ಮೇಲೆ ಪೇಟೆಯ ಒಂದು ಸಭಾಭವನದಲ್ಲಿ ಚಿತ್ರ ತೋರಿಸಿದರು. ನಮ್ಮದೇ ಗಲ್ಲಿಗಳಲ್ಲಿ ಕೆಂಪು ನೀರು ನುಗ್ಗಿತು. ಮೂಲೆಗಳಲ್ಲಿ ಸುತ್ತಿತು, ಚಪ್ಪಲಿಗಳನ್ನೂ ಕೊಡಪಾನವನ್ನೂ ಎತ್ತಿಕೊಂಡು ಹೋಯಿತು. ನಮ್ಮ ಜಗಲಿಯ ಮೂರನೆಯ ಮೆಟ್ಟಿಲು ಮುಳುಗಿಸಿ ನಿಂತಿತು. ಕೋಣೆಯ ಹೊಸ್ತಿಲು ಒದ್ದೆಯಾಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಚಿತ್ರ ಎಲ್ಲರ ಫೋನಿಗೆ ಹೋಯಿತು. ಪೇಟೆಯವರು ತಂತಮ್ಮ ಮನೆ ಬಂದಲ್ಲಿ ನಿಲ್ಲಿಸಿ, ನೀರು ಎಲ್ಲಿವರೆಗೆ ಎಂದು ಬೆರಳಿಟ್ಟು ನೋಡಿಕೊಂಡರು.

ಹೆಂಡತಿ ಮಾತ್ರ ಮನೆಗೆ ಬರುವ ದಾರಿಯಲ್ಲಿ ಕೇಳಿದಳು. "ಎಂತ ಮಾರಾಯ್ರೆ, ನಿಮ್ಮ ಅಮ್ಮ ಹೇಳ್ತಿದ್ದದ್ದು ನೀರು ಕಿಟಕಿಯಿಂದ ಒಳಗೆ ಬಂತು ಅಂತ ಅಲ್ವಾ?"

"ಅಮ್ಮನಿಗೆ ಎಲ್ಲ ದೊಡ್ಡದಾಗಿ ಹೇಳುವ ಅಭ್ಯಾಸ," ಎಂದೆ. ಸತ್ತ ತಾಯಿಯನ್ನೂ ಸುಳ್ಳುಗಾತಿ ಮಾಡಿದೆ.

ಆ ತಿಂಗಳಲ್ಲೇ ಕೋಣೆಗೆ ಬಾಡಿಗೆಯವರು ಬಂದರು. ಬ್ಲೌಸು ಹೊಲಿಯುವ ಹೆಂಗಸು, ಮತ್ತು ಅವಳ ಅತ್ತೆ. ಗಂಡ ಲಾರಿ ಬಿಡುವವನು, ಮನೆಯಲ್ಲಿರುವುದೇ ಅಪರೂಪ. ಅತ್ತೆಗೆ ಪಕ್ಷವಾತ ಬಡಿದು ಎಡಭಾಗ ಪೂರ್ತಿ ಹೋಗಿತ್ತು. ಮಂಚದಿಂದ ಕೆಳಗಿಳಿಯಲು ಇಬ್ಬರು ಹಿಡಿಯಬೇಕು. ಕೋಣೆ ನೋಡಲು ಬಂದಾಗ ಸೊಸೆ ಫೋನು ತೆರೆದು, ಮೆಟ್ಟಿಲ ಬಳಿ ನಿಂತು, ಸಿನಿಮಾದ ಮೆಟ್ಟಿಲನ್ನೂ ನಮ್ಮ ಮೆಟ್ಟಿಲನ್ನೂ ಎಣಿಸಿ ನೋಡಿದಳು.

"ಸರಿ ಉಂಟು ಅಜ್ಜ. ನೀರು ಬಂದರೂ ಇಲ್ಲಿಗೇ ಅಲ್ವಾ?"

ನಾನು ಬೀಗದ ಕೈ ಕೊಟ್ಟೆ.

ಮುದುಕಿ ನಗೆಮಾತಿನವಳು. ನಾಲಿಗೆ ತೊದಲುತ್ತಿದ್ದರೂ ಬಿಡುತ್ತಿರಲಿಲ್ಲ. ಸೊಸೆ ಮಿಶನ್ ತುಳಿಯುವಾಗ ಅವಳ ಕೈಗೆ ಫೋನು ಕೊಟ್ಟು ಕೂರಿಸುತ್ತಿದ್ದಳು. ಅದೇ ಚಿತ್ರವನ್ನು ಮತ್ತೆ ಮತ್ತೆ ನೋಡುವಳು. ನಾನು ಜಗಲಿಗೆ ಇಳಿದರೆ, "ಸಿನಿಮಾದ ಅಜ್ಜ ಚಂದ ಉಂಟು. ಬಾಯಿ ಮುಚ್ಚಿ ಕೂರ್ತದೆ. ಇದು ಎಂತದು, ಇಡೀ ದಿನ ಕೆಮ್ಮುವುದು?" ಎನ್ನುವಳು. ನಾನೂ ನಗುತ್ತಿದ್ದೆ. ಕಿಟಕಿಯ ಕೆಳಗಿನ ಚೌಕಟ್ಟು ಅವಳ ಮಂಚಕ್ಕಿಂತ ಒಂದು ಗೇಣು ಎತ್ತರ. ಅಮ್ಮ ಹೇಳುತ್ತಿದ್ದ ಕಿಟಕಿ ಅದೇ.

ಮೊದಲ ಮಳೆಗಾಲ ಬಂತು. ಬೆಳ್ತಂಗಡಿಯಲ್ಲಿ ನನ್ನ ತಂಗಿಯ ಮನೆ ಹೊಳೆಯ ಬದಿಯಲ್ಲೇ ಇದೆ. ಘಟ್ಟದಲ್ಲಿ ಜೋರು ಮಳೆಯಾದರೆ ಅಲ್ಲಿ ಮೊದಲು ನೀರು ಬಣ್ಣ ಬದಲಿಸುತ್ತದೆ. ನಮಗೆ ಬರಲು ಹೊತ್ತು ಬೇಕು. ಅವಳು ಫೋನು ಮಾಡುವುದು ಮೊದಲಿಂದಲೂ ರೂಢಿ.

"ಅಣ್ಣಾ, ಇಲ್ಲಿ ಪೂರ್ತಿ ಕೆಂಪು. ಬುಡ ಸಮೇತ ಮರ ಬರ್ತಾ ಉಂಟು. ಜಾಗ್ರತೆ ಮಾಡಿ."

ಕೆಳಗೆ ಓಡಿದೆ. "ಅತ್ತೆಯನ್ನು ಮೇಲೆ ನಮ್ಮಲ್ಲಿಗೆ ತರುವ," ಎಂದೆ.

ಸೊಸೆ ಮಿಶನ್ ನಿಲ್ಲಿಸಲಿಲ್ಲ. "ಎಂತಕ್ಕೆ ಅಜ್ಜ? ದೊಡ್ಡ ನೆರೆಗೇ ಮೂರನೇ ಮೆಟ್ಟಿಲು. ಇದು ಸಣ್ಣದು. ಇವರನ್ನು ಎತ್ತಿದರೆ ಬೆನ್ನಿನ ಹುಣ್ಣು ಪುನಃ ಒಡೀತದೆ. ಡಾಕ್ಟ್ರು ಅಲ್ಲಾಡಿಸಬೇಡಿ ಅಂದಿದ್ದಾರೆ."

ಆಗಲೇ ಹೇಳಬೇಕಿತ್ತು. ಮೆಟ್ಟಿಲ ಮೇಲೆ ಕೂತು ನೀರು ನೋಡಿದೆ. ಅದು ಸದ್ದು ಮಾಡದೆ ಜಗಲಿಗೆ ಬಂತು. ಮೊದಲನೆಯ ಮೆಟ್ಟಿಲು ಹೋಯಿತು. ಎರಡನೆಯದು ಹೋಯಿತು. ಒಳಗಿಂದ ಮುದುಕಿ, "ಅಜ್ಜ, ನಿಮ್ಮ ಪಾರ್ಟು ಬಂತು, ಕುರ್ಚಿಯಲ್ಲಿ ಕೂತುಕೊಳ್ಳಿ," ಎಂದು ಕೂಗಿದಳು. ಮೂರನೆಯ ಮೆಟ್ಟಿಲಿನ ಅಂಚಿನಲ್ಲಿ ನೀರು ತುಸು ಹೊತ್ತು ಮೇಲೆ ಕೆಳಗೆ ಆಡಿ, ಇಳಿಯತೊಡಗಿತು.

ಅದು ಇಳಿದದ್ದೇ ಕೆಟ್ಟದಾಯಿತು. ಪೇಟೆಯವರೆಲ್ಲ ಸಿನಿಮಾ ಹೇಳಿದಂತೆಯೇ ಆಯಿತು ಎಂದರು. ನಮ್ಮ ಎದುರಿನ ಜಿನಸಿನ ಅಂಗಡಿಯವನು ಮಳೆಗಾಲದಲ್ಲಿ ಅಕ್ಕಿ ಮೂಟೆಗಳನ್ನು ಮಹಡಿಗೆ ಸಾಗಿಸುವುದನ್ನು ನಿಲ್ಲಿಸಿದ. ಸೊಸೆ ಅತ್ತೆಗೆ ಗಾಳಿ ಬರಲಿ ಎಂದು ಮಂಚವನ್ನು ಕಿಟಕಿಯ ಬುಡಕ್ಕೇ ಎಳೆದಳು. ನಾನು ದಿನಾ ಜಗಲಿಗೆ ಇಳಿದು ಆ ಕಂಬ ನೋಡುತ್ತಿದ್ದೆ. ಅಪ್ಪನ ಗೆರೆ ನನ್ನ ಸೊಂಟದ ಬಳಿ ಪಾಲಿಶ್ ಹೊಳಪಿನಲ್ಲಿ ತಣ್ಣಗೆ ಇತ್ತು. ಹೋದ ವರ್ಷ ಮಳೆ ಕಡಿಮೆಯಾಗಿ ನೀರು ಜಗಲಿಗೇ ಬರಲಿಲ್ಲ. ಜನಕ್ಕೆ ಇನ್ನಷ್ಟು ಧೈರ್ಯ ಬಂತು.

ಈ ವರ್ಷ ಬೇಸಿಗೆಯ ಕೊನೆಗೆ ಮುದುಕಿಗೆ ಬಲಗೈಯಲ್ಲೂ ಶಕ್ತಿ ಕಡಿಮೆಯಾಯಿತು. ಫೋನು ಹಿಡಿಯಲು ಆಗುತ್ತಿರಲಿಲ್ಲ. ಅದನ್ನು ನೋಡಿದ ಮರುದಿನ ಬೆಳಿಗ್ಗೆ ಹೆಂಡತಿಗೂ ಹೇಳದೆ ಮೂಡುಬಿದಿರೆಯ ಬಸ್ಸು ಹತ್ತಿದೆ.

ಟೀಚರ್ ಚಾ ತರಿಸಿದರು. ನಾನು ಕುಡಿಯುವ ಮೊದಲೇ ಎಲ್ಲ ಹೇಳಿದೆ: ಗೆದ್ದಲು, ಎರಡು ಮೊಳ, ಗೋದಾಮಿನ ಗೀಟು. ಅವರು ಬೈಯಲಿಲ್ಲ. ಕಂಪ್ಯೂಟರಿನ ಕಡೆ ತಿರುಗಿ ಹಳೆಯ ಕೆಲಸವನ್ನು ತೆರೆದರು.

"ನಿಮ್ಮ ಎರಡು ಮೊಳ ಕೂಡಿಸಿದರೆ ಗೋದಾಮಿನದ್ದಕ್ಕೆ ಸರಿಯಾಗ್ತದೆ," ಎಂದರು ಸ್ವಲ್ಪ ಹೊತ್ತಿನ ಮೇಲೆ. "ನಾನು ಆ ದಿನ ನಿಮ್ಮ ಮಾತು ನಂಬಬಾರದಿತ್ತು. ಕಂಬದ ಬುಡ ನೋಡಬೇಕಿತ್ತು."

ಹೊಸ ಲೆಕ್ಕ ಕೊಟ್ಟು ನೀರು ಬಿಟ್ಟರು. ಅದು ತಯಾರಾಗಲು ಮಧ್ಯಾಹ್ನ ದಾಟಿತು. ಬಣ್ಣವಿಲ್ಲ, ಸಂಗೀತವಿಲ್ಲ, ಬೂದು ಮನೆಗಳ ನಡುವೆ ಬೂದು ನೀರು. ಅದು ನಮ್ಮ ಜಗಲಿಗೆ ಬಂತು. ಕುರ್ಚಿಯಲ್ಲಿ ನಾನು ಕೂತಿದ್ದೆ. ನೀರು ಕಾಲಿಗೆ ಬಂತು, ತೊಡೆಗೆ ಬಂತು, ಎದೆಗೆ ಬಂತು. ಪರದೆಯ ನಾನು ಕಲಿಸಿಕೊಟ್ಟಂತೆ ತಲೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸುತ್ತ ಹೊಳೆ ನೋಡುತ್ತಿದ್ದೆ. ನೀರು ಬಾಯಿ ಮುಚ್ಚಿತು. ನೀರಿನೊಳಗೂ ತಲೆ ತಿರುಗುತ್ತಲೇ ಇತ್ತು.

"ಅದು ಏಳುವುದಿಲ್ವಾ?" ಎಂದೆ.

"ಏಳುವುದನ್ನು ನಾನು ಮಾಡಿಲ್ಲ ಅಜ್ಜ. ಆಗ ಬೇಕಾಗಿರಲಿಲ್ಲ."

ನೀರು ನಾಲ್ಕನೆಯ ಮೆಟ್ಟಿಲು ದಾಟಿ, ಕಿಟಕಿಯ ಚೌಕಟ್ಟು ದಾಟಿ ಕೋಣೆಗೆ ಹೋಯಿತು. ಒಳಗೆ ಮಂಚ ಇರಲಿಲ್ಲ. ಸಿನಿಮಾ ಮಾಡುವಾಗ ಅಲ್ಲಿ ಯಾರೂ ಇರಲಿಲ್ಲವಲ್ಲ.

ಅದೇ ಸಂಜೆ ಟೀಚರ್ ನನ್ನ ಜತೆ ಬಂದರು. ಜಗಲಿಯಲ್ಲಿ ನಿಂತು ಸೊಸೆಗೆ ಅದನ್ನು ತೋರಿಸಿದರು. ನಾನು ಪಕ್ಕದಲ್ಲಿ ನಿಂತು, ಕಂಬದ ಕಥೆಯನ್ನು ಎರಡನೆಯ ಸಲ ಹೇಳಿದೆ. ಹೆಂಡತಿಯೂ ಮೆಟ್ಟಿಲ ತುದಿಯಿಂದ ಕೇಳಿಸಿಕೊಂಡಳು.

ಸೊಸೆ ಪೂರ್ತಿ ನೋಡಿದಳು. "ಆ ವರ್ಷ ನೀರು ಬಂದಾಗ ನೀವು ಇಲ್ಲೇ ಮೆಟ್ಟಿಲಲ್ಲಿ ಕೂತಿದ್ರಿ," ಎಂದಳು. "ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಒಳಗೆ ಹೊಲೀತಾ ಇದ್ದೆ."

ಆ ದಿನದಿಂದ ಅವಳು ನನ್ನನ್ನು ಅಜ್ಜ ಎಂದು ಕರೆಯುವುದನ್ನು ಬಿಟ್ಟಿದ್ದಾಳೆ.

ಬಿಟ್ಟು ಹೋಗಲು ಅವರಿಗೆ ಬೇರೆ ಜಾಗ ಇರಲಿಲ್ಲ. ಹೆಂಡತಿಯೇ ತೀರ್ಮಾನ ಮಾಡಿದಳು. "ಮುದುಕಿ ಮೇಲೆ ನಮ್ಮ ಕೋಣೆಗೆ ಬರ್ಲಿ. ಇವಳೂ ಬರ್ಲಿ, ಮಿಶನೂ ಬರ್ಲಿ."

"ನಾವು?"

"ನಾವು ಅಲ್ಲ. ನಾನು ಮೇಲೆಯೇ ಇವರ ಜತೆ. ನೀವು ಕೆಳಗೆ. ಅಷ್ಟು ಒಳ್ಳೆ ಕೋಣೆ ಅಂತ ಕೊಟ್ಟವರಲ್ವಾ?"

ಮರುದಿನ ಪೇಟೆಯ ನಾಲ್ವರು ಮುದುಕಿಯನ್ನು ಕುರ್ಚಿಗೆ ಕಟ್ಟಿ ಮೆಟ್ಟಿಲು ಹತ್ತಿಸಿದರು. ನೋವಿಗೆ ಹಲ್ಲು ಕಚ್ಚಿದ್ದಳು. ನನ್ನ ಪಕ್ಕಕ್ಕೆ ಬಂದಾಗ ಮಾತ್ರ ತಲೆ ತಿರುಗಿಸಿ ನೋಡಿದಳು. ಏನಾದರೂ ನಗೆಮಾತು ಬರುತ್ತದೆ ಎಂದು ಕಾದೆ. ಬರಲಿಲ್ಲ.

ಕಂಬವನ್ನು ಕೀಳಿಸಿ, ಕಡಿದಷ್ಟೇ ಎತ್ತರಕ್ಕೆ ಕೆಂಪುಕಲ್ಲು ಕಟ್ಟಿಸಿ, ಅದರ ಮೇಲೆ ನಿಲ್ಲಿಸಿದ್ದೇನೆ. ಗೀಟು ಈಗ ಅಪ್ಪನ ತಲೆಯ ಮಟ್ಟಕ್ಕೆ ಹೋಗಿದೆ. ಟೀಚರ್ ಹೊಸ ಚಿತ್ರವನ್ನು ಎಲ್ಲರಿಗೂ ಕಳುಹಿಸಿದರು. ಅದಕ್ಕೆ ಬಣ್ಣವಿಲ್ಲ, ಯಾರೂ ಪೂರ್ತಿ ನೋಡುವುದಿಲ್ಲ. ಹಳೆಯದು ಪ್ರತಿ ಫೋನಿನಲ್ಲೂ ಇದೆ. ನಾನು ಮನೆಮನೆಗೆ ಹೋಗಿ ಹೇಳಿದೆ. ಒಂದಿಬ್ಬರು ಸಾಮಾನು ಮೇಲೆ ಸಾಗಿಸಿದರು. ಜಿನಸಿನ ಅಂಗಡಿಯವನು ನಕ್ಕ.

"ಎರಡು ಮೊಳವಾ? ನಿಮ್ಮ ಮನೆ ಜಗಳವನ್ನು ಹೊಳೆಗೆ ಯಾಕೆ ಹಾಕ್ತೀರಿ ಮಾರಾಯ್ರೆ? ಕಂಪ್ಯೂಟರ್ ಹೇಳಿದ್ದು ಎರಡು ವರ್ಷ ಸರಿಯಾಗಿದೆ. ನನ್ನ ಅಂಗಡಿಗೆ ನೀರು ಬರ್ಲಿಕ್ಕೆ ಇಲ್ಲ." ಅವನ ಹಿಂದೆ ನೆಲದ ಮೇಲೆ ಅಕ್ಕಿ ಮೂಟೆಗಳು. ಮೂಟೆಗಳ ಮೇಲೆ ಅವನ ಮೊಮ್ಮಗಳು ಮಲಗಿದ್ದಳು.

ನಾನು ಈಗ ಕಿಟಕಿಯ ಬುಡದ ಆ ಮಂಚದಲ್ಲೇ ಮಲಗುತ್ತೇನೆ. ಇದನ್ನು ಅಲ್ಲೇ ಕೂತು ಬರೆದೆ. ಮೇಲೆ ಮಿಶನ್ನಿನ ಸದ್ದು ಕೇಳುತ್ತದೆ. ಈಗಷ್ಟೇ ತಂಗಿ ಬೆಳ್ತಂಗಡಿಯಿಂದ ಫೋನು ಮಾಡಿದ್ದಳು.

"ಅಣ್ಣಾ, ಈ ಸಲ ಬಣ್ಣ ಬೇರೆ ಉಂಟು. ನಾನು ಹೀಗೆ ನೋಡಿದ್ದಿಲ್ಲ."

ಎದ್ದಿದ್ದೇನೆ. ಮೊದಲು ಎದುರಿನ ಅಂಗಡಿಗೆ ಹೋಗಬೇಕು.