ಅರ್ಧ ಪರ್ಸೆಂಟು ಜಾಸ್ತಿ

ನಮ್ಮ ಲ್ಯಾಬಿನಲ್ಲಿ ಅವಳಿಗೆ ‘ಬಡ್ಡಿ’ ಎಂದೇ ಹೆಸರು. ಸಾಲ ಕೊಟ್ಟು ಬಡ್ಡಿ ತಿನ್ನುವವಳಲ್ಲ, ಪಾಪ. ಯಾವ ಬ್ಯಾಂಕಿನಲ್ಲಿ ಎಷ್ಟು ಬಡ್ಡಿ ಎಂದು ಊಟದ ನಡುವೆ ಕೇಳಿದರೂ ತುತ್ತು ನುಂಗುವ ಮೊದಲೇ ಒಪ್ಪಿಸಿಬಿಡುತ್ತಿದ್ದಳು, ಅಷ್ಟೆ. ನಾವು ಹಲ್ಲಿನ ಸೆಟ್ಟು ಮಾಡುವವರು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ. ನಾವು ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಗುಲಾಬಿ ಬಣ್ಣದ ವಸಡು ಮಾಡಿ, ಉಜ್ಜಿ ಹೊಳಪು ಕೊಟ್ಟು ವಾಪಸ್ ಕಳಿಸುತ್ತೇವೆ. ನನ್ನ ಪಕ್ಕದ ಮೇಜು ಅವಳದು. ಇಡೀ ದಿನ ಬಾಯಿಗಳ ನಡುವೆ ಕೂತವರಿಗೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ಹಾಗಾಗಿ ಅವಳ ಕಥೆಯೆಲ್ಲ ನನಗೆ ಗೊತ್ತು.

ಇಪ್ಪತ್ತಾರು ದಾಟುತ್ತಿದ್ದಂತೆ ಅವಳ ತಲೆಗೆ ಮನೆಯ ಹುಳು ಹೊಕ್ಕಿತು. ಮುಂಗಡದಷ್ಟು ಕೂಡಿಸಿದರೆ ಉಳಿದದ್ದಕ್ಕೆ ಸಾಲ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದಳು. ತೊಂದರೆಯೆಂದರೆ ಅವಳ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ. ಸಾಮಾನ್ಯ ಉಳಿತಾಯ ಖಾತೆಯಲ್ಲಿಟ್ಟರೆ ಕಾರ್ಡು ಚೀಲದಲ್ಲೇ ಇರುತ್ತದೆ, ಅಂಗಡಿಯಲ್ಲಿ ಚಪ್ಪಲಿ ಕಣ್ಣು ಹೊಡೆಯುತ್ತದೆ. ತಿಂಗಳು ತಿಂಗಳು ಕಟ್ಟುವ ಖಾತೆ ತೆರೆದಳು. ಎರಡು ಸಲ ತಪ್ಪಿಸಿ ದಂಡ ಕಟ್ಟಿದಳು.

“ಕೈಗೇ ಸಿಗದಂಥದ್ದು ಬೇಕು ಅಕ್ಕ. ನಾನೇ ಹೋಗಿ ಕೇಳಿದ್ರೂ ಕೊಡಬಾರದು.”

“ಹಂಗಿದ್ರೆ ನಮ್ಮ ಮಾಲೀಕರ ಹತ್ರ ಇಡು” ಅಂದೆ. “ಸಂಬಳಾನೇ ಕೊಡಲ್ಲ, ಠೇವಣಿ ಕೊಡ್ತಾರಾ?”

ಕೊನೆಗೆ ಅವಧಿ ಮುಗಿಯುವವರೆಗೆ ಮುಟ್ಟುವಂತಿಲ್ಲದ ಠೇವಣಿ ಎಂದು ತೀರ್ಮಾನವಾಯಿತು.

ಅವಳು ಇದ್ದದ್ದು ದೊಡ್ಡಮ್ಮನ ಜೊತೆ. ತಾಯಿ ತೀರಿಕೊಂಡಾಗ ಅಂಬೆಗಾಲಿಡುತ್ತಿದ್ದ ಕೂಸನ್ನು ತಾಯಿಯ ಅಕ್ಕ ಎತ್ತಿಕೊಂಡು ಬಂದವರು ಮತ್ತೆ ಕೆಳಗಿಳಿಸಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯ ಬಾಡಿಗೆ ಮನೆ. ಎದ್ದ ಕೂಡಲೇ ರೇಡಿಯೋ ಹಾಕುತ್ತಾರೆ, ಮಲಗಿದ ಮೇಲೂ ಅದು ಹಾಡುತ್ತಿರಬೇಕು. ಇವಳು ಫೋನಿನಲ್ಲಿ ಮಾತಾಡುತ್ತಿದ್ದರೆ “ಯಾರದು? ಏನಂತೆ?” ಎಂದು ಕೇಳಿ, ಉತ್ತರವನ್ನೂ ತಾವೇ ಕೂಗಿ ಹೇಳುತ್ತಾರೆ. ಬಚ್ಚಲಿನ ಬಾಗಿಲಿಗೆ ಚಿಲಕವೇ ಇಲ್ಲ; ಒಳಗಿದ್ದವರು ಹಾಡಬೇಕು.

“ಒಂದು ಬಾಗ್ಲು ಬೇಕು ಅಕ್ಕ. ನಾನು ಹಾಕ್ಕೊಂಡ್ರೆ ಹಾಕ್ಕೊಂಡ ಹಾಗೇ ಇರೋ ಬಾಗ್ಲು.”

ಅವಳ ಮನಸ್ಸಿನಲ್ಲಿದ್ದ ಮನೆಯಲ್ಲಿ ದೊಡ್ಡಮ್ಮ ಇರಲಿಲ್ಲ. ಪ್ರೀತಿಯಿಲ್ಲ ಎಂದಲ್ಲ. ಪ್ರೀತಿ ಬೇರೆ, ಚಿಲಕ ಬೇರೆ. ಆದರೆ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ, ಹೇಳದೆ ಇರುವುದಕ್ಕೆ ನಮ್ಮ ಮಾತೂ ಅನುಕೂಲ ಮಾಡಿಕೊಟ್ಟಿತು. ನಮ್ಮಲ್ಲಿ ‘ನನ್ನ ಮನೆ’ ಎನ್ನುವವರು ಯಾರಿದ್ದಾರೆ? ಬೆಕ್ಕೂ ಇಲ್ಲದ ಒಂಟಿ ಜೀವವೂ ‘ನಮ್ಮನೆ’ ಎಂದೇ ಅನ್ನುತ್ತದೆ. ಒಂದು ದಿನ ಇವಳು ರೂಢಿಯ ಮೇಲೆ “ನಮ್ಮನೆಗೆ ಅಂತ ದುಡ್ಡು ಕೂಡಿಸ್ತಿದೀನಿ” ಅಂದಳು. ದೊಡ್ಡಮ್ಮ ಅದನ್ನು ಇಬ್ಬರ ಮನೆ ಎಂದು ತಿಳಿದರು. ತಿದ್ದಬಹುದಿತ್ತು. ತಿದ್ದಲಿಲ್ಲ.

ಬ್ಯಾಂಕಿನ ಗುಮಾಸ್ತೆ ಅರ್ಜಿಯಿಂದ ಮುಖವೆತ್ತಿ ಕೇಳಿದಳಂತೆ: “ಮನೇಲಿ ಅರವತ್ತು ದಾಟಿದವ್ರು ಇದಾರಾ? ಅವ್ರ ಹೆಸ್ರು ಮೊದ್ಲು ಹಾಕಿ, ನಿಮ್ಮದು ಎರಡನೇದು. ಅರ್ಧ ಪರ್ಸೆಂಟು ಜಾಸ್ತಿ ಬರುತ್ತೆ. ತೆಗೆಯೋವಾಗ ಇಬ್ರೂ ಬಂದು ಸಹಿ ಹಾಕ್ಬೇಕು ಅಷ್ಟೆ.”

ಇವಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಮರುದಿನವೇ ದೊಡ್ಡಮ್ಮನನ್ನು ಕರೆದುಕೊಂಡು ಹೋದಳು. ಅವರು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಪೌಡರ್ ಹಾಕಿಕೊಂಡು, ಗುಮಾಸ್ತೆಯ ಎದುರು ಬೆನ್ನು ನೆಟ್ಟಗೆ ಮಾಡಿ ಕೂತರಂತೆ. ತಮ್ಮ ಹೆಸರು ಮೊದಲು ಇರುವುದನ್ನು ಬೆರಳಿಟ್ಟು ನೋಡಿ, “ಮೊದ್ಲು ನಂದಾ? ಸರಿಯಾಗಿ ನೋಡಮ್ಮ, ತಪ್ಪಾಗಿರ್ಬೇಕು” ಅಂದರಂತೆ. ಇವಳು ಬಡ್ಡಿಯ ವಿಷಯ ಎತ್ತದೆ, “ಇಲ್ಲ ದೊಡ್ಡಮ್ಮ, ಸರಿಯಾಗೇ ಇದೆ” ಅಂದಳು.

“ಆಗ ದೊಡ್ಡಮ್ಮ ನನಗೆ ದೊಡ್ಡಮ್ಮ ಥರ ಕಾಣ್ಲೇ ಇಲ್ಲ ಅಕ್ಕ, ಅರ್ಧ ಪರ್ಸೆಂಟ್ ಥರ ಕಂಡ್ರು” ಎಂದು ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ, ಹಲ್ಲು ಉಜ್ಜುವ ಚಕ್ರ ನಿಲ್ಲಿಸಿ.

ಏಕೆಂದರೆ ಅಲ್ಲಿಂದ ಮುಂದೆ ಅವಳಿಗೆ ನೆಮ್ಮದಿ ಇರಲಿಲ್ಲ. ಬಾಡಿಗೆ ಕರಾರಿನಲ್ಲೂ ಹೆಸರಿಲ್ಲದಿದ್ದ ಹೆಂಗಸು, ಕೆಳಗಿನ ಸೈಕಲ್ ಅಂಗಡಿಯವನನ್ನು ನಿಲ್ಲಿಸಿಕೊಂಡು, “ಮೊದಲ್ನೇ ಹೆಸ್ರು ನಂದೇ ಹಾಕ್ಸಿದಾಳೆ. ಬೇಡ ಕಣೆ ಅಂದ್ರೂ ಕೇಳ್ಲಿಲ್ಲ” ಎಂದು ಇಲ್ಲದ್ದನ್ನು ಸೇರಿಸಿ ಹೇಳುತ್ತಿದ್ದರು. ಪಂಕ್ಚರ್ ಹಾಕಿಸಲು ಬಂದವರಿಗೂ ಆ ಸುದ್ದಿ ಮುಟ್ಟುತ್ತಿತ್ತು. ಹೊಸ ಮನೆಯಲ್ಲಿ ತಮ್ಮ ಹಾಸಿಗೆ ಕಿಟಕಿಯ ಪಕ್ಕ, ಇವಳದು ಗೋಡೆಯ ಪಕ್ಕ, ಏಕೆಂದರೆ ಇವಳಿಗೆ ಬೇಗ ನೆಗಡಿಯಾಗುತ್ತದೆ.

ಅಷ್ಟಕ್ಕೇ ನಿಲ್ಲಲಿಲ್ಲ. “ನನ್ನ ಹೆಸ್ರಲ್ಲಿ ಇದೆ ಅಂದ್ಮೇಲೆ ನಾನೂ ಹಾಕ್ಬೇಡ್ವಾ?” ಎಂದು ಪಿಂಚಣಿಯಲ್ಲಿ ಮಿಗಿಸಿ ಕೊಡತೊಡಗಿದರು. ಬೇಡ ಎಂದರೆ ಕಾರಣ ಹೇಳಬೇಕು. ಇಸಿದುಕೊಂಡರೆ ಕೈ ಸುಡುತ್ತದೆ. ಇವಳು ಇಸಿದುಕೊಂಡು ಬ್ಯಾಂಕಿಗೆ ಕಟ್ಟಿದಳು. ಒಂದು ದಿನ ಮಂಡಿ ನೋವಿನ ಮುಲಾಮಿನ ಟ್ಯೂಬು ಕಣ್ಣಿಗೆ ಬಿತ್ತು. ದೊಡ್ಡಮ್ಮ ಅದನ್ನು ಕತ್ತರಿಯಲ್ಲಿ ಉದ್ದಕ್ಕೆ ಸೀಳಿ, ಒಳಗೆ ಅಂಟಿದ್ದನ್ನೂ ಚಮಚದಲ್ಲಿ ಕೆರೆದಿದ್ದರು. ಹೊಸದು ತಂದುಕೊಟ್ಟರೆ ಬೈಗುಳ: “ಮನೆ ತಗೊಳ್ಳೋರು ಹಿಂಗೆ ದುಡ್ಡು ಪೋಲು ಮಾಡ್ತಾರೇನೇ?”

ಅವತ್ತು ಲ್ಯಾಬಿನಲ್ಲಿ ಅವಳು ಎಡಗಡೆಯ ಕೋರೆಹಲ್ಲನ್ನೇ ಬಲಗಡೆಗೂ ಕೂರಿಸಿ, ಮಾಲೀಕರಿಂದ ಸಹಸ್ರನಾಮ ಕೇಳಿಸಿಕೊಂಡಳು.

“ಹೇಳ್ಬಿಡೇ ಮಾರಾಯ್ತಿ” ಅಂದೆ ನಾನು. “ಇಲ್ಲಾಂದ್ರೆ ಎರಡು ಕೋಣೆ ಇರೋದು ನೋಡು.”

“ಎರಡು ಕೋಣೆಗೆ ಇನ್ನೂ ಹತ್ತು ವರ್ಷ ಕೂಡಿಸ್ಬೇಕು ಅಕ್ಕ. ಇವತ್ತು ಹೇಳ್ತೀನಿ.”

ಆ ‘ಇವತ್ತು’ ಬರಲೇ ಇಲ್ಲ. ನನಗೂ ಸಿಟ್ಟು ಬರುತ್ತಿತ್ತು. ಆದರೆ ಇಪ್ಪತ್ತಾರು ದಾಟಿದ ಮೇಲೆ ಒಂದು ಚಿಲಕ ಬೇಕು ಅನ್ನುವವಳನ್ನು ಯಾವ ಬಾಯಲ್ಲಿ ಬೈಯಲಿ?

ಠೇವಣಿಯ ಅವಧಿ ಮುಗಿಯುವ ಹೊತ್ತಿಗೆ ಮನೆಯೂ ಸಿಕ್ಕಿತು. ಮೂರನೇ ಮಹಡಿ, ಒಂದು ಕೋಣೆ, ಲಿಫ್ಟ್ ಇಲ್ಲ. ಮುಂಗಡ ಕೊಡಬೇಕಾದರೆ ದೊಡ್ಡಮ್ಮನ ಸಹಿ ಬೇಕು. ದೊಡ್ಡಮ್ಮನೋ, “ಮನೆ ನೋಡ್ದೆ ಸಹಿ ಹಾಕೋಕೆ ನಾನೇನು ಪೆದ್ದಿನಾ?” ಎಂದು ಸೆರಗು ಸಿಕ್ಕಿಸಿ ಹೊರಟರು.

ಮೆಟ್ಟಿಲ ಪ್ರತಿ ತಿರುವಿನಲ್ಲೂ ಮಂಡಿ ಹಿಡಿದು ನಿಂತು, “ನೀನು ನಡಿ, ನಾನು ಗೋಡೆಗೆ ಸುಣ್ಣ ಹೆಂಗೆ ಹೊಡೆದಿದಾರೆ ನೋಡ್ತಿದೀನಿ” ಅನ್ನುತ್ತಿದ್ದರಂತೆ. ಒಳಗೆ ಬಂದವರು ಕಿಟಕಿ ತೆರೆದರು, ನಲ್ಲಿ ತಿರುಗಿಸಿದರು. ಆಮೇಲೆ ಒಂದು ಬಾಗಿಲು ತೆರೆದರು, ಅದು ಬಚ್ಚಲು. ಇನ್ನೊಂದು ತೆರೆದರು, ಅದು ಗೋಡೆಯ ಬೀರು. ಮೂರನೆಯದಕ್ಕಾಗಿ ಸುತ್ತ ನೋಡಿದರು. ಒಂದು ಮಂಚ ಹಾಕಿದರೆ ಓಡಾಡಲು ಜಾಗ ಉಳಿಯುವಷ್ಟೇ ಕೋಣೆ ಅದು.

ಇವಳು ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತು ಬಿಟ್ಟು, ಹೋಗಿ ಬೀರುವಿನ ಬಾಗಿಲು ಮುಚ್ಚಿದಳು. ಹೇಗಾದರೂ ಇಬ್ಬರೂ ಇರೋಣ ಎಂದು ಒಂದು ಸುಳ್ಳಾದರೂ ಹೇಳಬಹುದಿತ್ತು. ಹೇಳಲಿಲ್ಲ.

“ಚೆನ್ನಾಗಿದೆ ಕಣೆ ನಿನ್ನ ಮನೆ” ಅಂದರು ದೊಡ್ಡಮ್ಮ.

ಕೆಳಗಿಳಿದು ನೇರ ಬ್ಯಾಂಕಿಗೆ ಹೋದರು. ಗುಮಾಸ್ತೆ ತೋರಿಸಿದ ಕಡೆಯಲ್ಲೆಲ್ಲ ದೊಡ್ಡಮ್ಮ ನಿಧಾನವಾಗಿ, ಗುಂಡಗೆ ಸಹಿ ಹಾಕಿದರು. ಇವಳು ತಲೆ ತಗ್ಗಿಸಿಕೊಂಡೇ, “ದೊಡ್ಡಮ್ಮ, ನೀನು ಹಾಕಿದ ದುಡ್ಡು ವಾಪಸ್…” ಎಂದು ಶುರುಮಾಡಿದರೆ, “ಇರ್ಲಿ ಬಿಡು, ಪಾತ್ರೆ ಪಗಡಿ ತಗೊಳ್ಳೋಕೆ ಬೇಕಾಗುತ್ತೆ” ಎಂದು ಪೆನ್ನು ವಾಪಸ್ ಕೊಟ್ಟರು. ಒಂದು ಕೊಂಕು ಮಾತಿಲ್ಲ. ಅತ್ತು ರಂಪ ಮಾಡಿದ್ದರೆ ಇವಳೂ ತಿರುಗಿ ಜಗಳವಾಡಿ ಹಗುರಾಗುತ್ತಿದ್ದಳೋ ಏನೋ.

ಬಸ್ ನಿಲ್ದಾಣದ ಬೆಂಚಿನ ಮೇಲೆ ಇಬ್ಬರೂ ಕೂತರು. ಬಸ್ಸು ಬರುವುದು ತಡವಾಯಿತು. ದೊಡ್ಡಮ್ಮ ಮಂಡಿ ನೀವಿಕೊಳ್ಳುತ್ತ, ಗುಮಾಸ್ತೆಯ ಹತ್ತಿರ ನಿಯಮ ಕೇಳಿ ತಿಳಿದುಕೊಳ್ಳುವವರ ಹಾಗೆ, ಮೆಲ್ಲಗೆ ಕೇಳಿದರಂತೆ: “ಬರೋಕೆ ಮುಂಚೆ ಫೋನ್ ಮಾಡ್ಬೇಕೇನೇ?”

“‘ಬೇಡ ದೊಡ್ಡಮ್ಮ’ ಅಂದೆ ಅಕ್ಕ” ಎಂದು ಮರುದಿನ ಮೇಣದ ಮೇಲಿಟ್ಟ ಕೈ ಹಾಗೇ ಬಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. “ಆದ್ರೆ ಯೋಚ್ನೆ ಮಾಡಿದ್ಮೇಲೆ ಅಂದೆ. ನಾನು ಯೋಚ್ನೆ ಮಾಡ್ತಿರೋದನ್ನ ದೊಡ್ಡಮ್ಮ ನೋಡ್ತಾ ಕೂತಿದ್ರು.”