ಕೊನೆಯ ಕೋಣೆಯಲ್ಲಿ ಚೌಡಮ್ಮನ ಒಂಬತ್ತು ದಿನ

೧೯೫೫ರಲ್ಲಿ ನಾನು ಕೊಯಮತ್ತೂರಿನ ಒಂದು ವೃದ್ಧಾಶ್ರಮದಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೈಕೆಳಗೆ ಇದ್ದವರು ಇಬ್ಬರು ಆಯಾಗಳು, ಒಬ್ಬ ಅಟೆಂಡರ್, ಒಬ್ಬ ಅಡುಗೆಯವನು. ಇಪ್ಪತ್ತಾರು ಹಾಸಿಗೆಗಳು. ಮೆಟ್ಟುಪಾಳ್ಯಂ ರಸ್ತೆಯ ಕಡೆ, ಒಂದು ಟ್ರಸ್ಟಿನವರು ಹಳೆಯ ಬಂಗಲೆಯೊಂದನ್ನು ಸುಣ್ಣ ಹೊಡೆಸಿ ನಮಗೆ ಬಿಟ್ಟುಕೊಟ್ಟಿದ್ದರು. ವೃದ್ಧಾಶ್ರಮ ಎಂಬ ಮಾತೇ ಆಗ ಹೊಸದು. ಬೀದಿಯಲ್ಲಿ ಜನ ಅದನ್ನು ಆಸ್ಪತ್ರೆ ಎಂದೇ ಕರೆಯುತ್ತಿದ್ದರು, ನಾನೂ ಅದನ್ನು ಆಸ್ಪತ್ರೆಯ ಹಾಗೆಯೇ ನಡೆಸುತ್ತಿದ್ದೆ.

ನಾನು ಮದ್ರಾಸಿನಲ್ಲಿ ತರಬೇತಿಯಾದವಳು. ಚಾದರದಲ್ಲಿ ಒಂದು ಸುಕ್ಕು ಕಂಡರೆ ನನಗೆ ಊಟ ಇಳಿಯುತ್ತಿರಲಿಲ್ಲ. ಪ್ರತಿ ಮಂಚದ ತಲೆಯ ಕಡೆ ಗೋಡೆಗೆ ಒಂದು ಚಾರ್ಟ್: ಜ್ವರ, ನಾಡಿ, ಆಹಾರ, ಮಲಮೂತ್ರ. ಇನ್ನೊಂದು ಕಟ್ಟುನಿಟ್ಟು ನನ್ನದೇ ಸೃಷ್ಟಿ. ನಮ್ಮ ಮನೆಮಾತು ಕನ್ನಡ, ಅಕ್ಷರವನ್ನೂ ತಂದೆ ಹಟ ಹಿಡಿದು ಕಲಿಸಿದ್ದರು. ಆದರೆ ಡ್ಯೂಟಿಯ ಮೇಲೆ ನಾನು ಎಲ್ಲರೊಡನೆಯೂ ತಮಿಳನ್ನೇ ಆಡುತ್ತಿದ್ದೆ. ತನ್ನ ಭಾಷೆಯವರಿಗೆ ಒಂದು ಲೋಟ ಹಾಲು ಹೆಚ್ಚು ಕೊಡುತ್ತಾಳೆ ಎಂದು ಯಾರೂ ಬೆರಳು ತೋರಿಸಬಾರದು ಎಂಬ ಬಿಂಕ.

ಚೌಡಮ್ಮ ನಮ್ಮಲ್ಲಿಗೆ ಬಂದದ್ದು ಅದರ ಹಿಂದಿನ ವರ್ಷ. ವಯಸ್ಸು ಎಪ್ಪತ್ತರ ಆಸುಪಾಸು. ತಿರುಪ್ಪೂರಿನ ಕಡೆಯ ನೇಕಾರರ ಊರೊಂದರ ಕನ್ನಡದ ಹೆಂಗಸು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ತಂಗಿಯ ಮಗಳು ನಂಜಮ್ಮನ ಮನೆಯಲ್ಲಿದ್ದರು. ಆ ಮನೆ ಒಂದೇ ಅಂಕಣದ್ದು, ಅದರಲ್ಲಿ ಎರಡು ಗುಂಡಿಮಗ್ಗ. ನೇಯುವವರು ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂರುವ ಮಗ್ಗ ಅದು. ಕಣ್ಣಿಗೆ ಪೊರೆ ಬಂದಿದ್ದ ಚೌಡಮ್ಮ ಒಂದು ದಿನ ಗುಂಡಿಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೂಳೆ ಸೇರಿತು, ನಡೆಯುವುದಕ್ಕೆ ಮಾತ್ರ ಆಗಲಿಲ್ಲ. ಎರಡು ಮಗ್ಗದ ಮನೆಯಲ್ಲಿ ಒಂದು ಮಂಚ ಹಾಕಲು ಜಾಗ ಎಲ್ಲಿಂದ ಬರಬೇಕು? ನಂಜಮ್ಮ ಅಳುತ್ತಲೇ ತಂದು ಬಿಟ್ಟುಹೋದಳು.

ಒಂದು ವರ್ಷ ಚೌಡಮ್ಮನಿಂದ ನಮಗೆ ಯಾವ ತಕರಾರೂ ಇರಲಿಲ್ಲ. ಕೊಟ್ಟದ್ದನ್ನು ತಿನ್ನುವುದು, ಹೊರಳಿಸಿದರೆ ಹೊರಳುವುದು. ಅಂಥವರನ್ನು ನಾವು ಒಳ್ಳೆಯ ಪೇಷಂಟ್ ಎನ್ನುತ್ತಿದ್ದೆವು.

ಡಿಸೆಂಬರಿನ ಒಂದು ಬುಧವಾರ ಅವರಿಗೆ ಜ್ವರ ಬಂತು. ನೂರ ಮೂರು ಡಿಗ್ರಿ, ಜೊತೆಗೆ ಕೆಮ್ಮು. ನಮ್ಮ ಡಾಕ್ಟರು ಸೋಮವಾರ ಮತ್ತು ಶುಕ್ರವಾರ ಮಾತ್ರ ಬರುತ್ತಿದ್ದರು. ಶುಕ್ರವಾರ ಬಂದು ನ್ಯುಮೋನಿಯಾ ಎಂದರು, ಪೆನಿಸಿಲಿನ್ ಶುರುಮಾಡಿದೆವು. ಸೋಮವಾರ ಅವರು ಮತ್ತೆ ಬಂದಾಗ ಚೌಡಮ್ಮ ಕಣ್ಣು ಅರ್ಧ ಮುಚ್ಚಿ ಮಲಗಿದ್ದರು. ಎರಡೂ ಕೈಯ ಬೆರಳುಗಳು ಚಾದರದ ಅಂಚನ್ನು ಒಂದೇ ಸಮನೆ ಹಿಡಿದು ಬಿಡುತ್ತಿದ್ದವು, ಹಿಡಿದು ಬಿಡುತ್ತಿದ್ದವು.

ಡಾಕ್ಟರು ಒಂದು ನಿಮಿಷ ನೋಡಿದರು. ನಾನೂ ನೋಡಿದೆ. ತೀರ ಕೊನೆಯ ಹಂತಕ್ಕೆ ಬಂದ ರೋಗಿ ಹೀಗೆ ಹೊದಿಕೆಯನ್ನು ಕೀಳುತ್ತಾನೆ, ಇದು ಮರಣದ ಲಕ್ಷಣಗಳಲ್ಲಿ ಒಂದು ಎಂದು ತರಬೇತಿಯಲ್ಲಿ ನಮಗೆ ಪಾಠ ಮಾಡಿದ್ದರು. ಆಸ್ಪತ್ರೆಯಲ್ಲಿ ನಾನು ಅದನ್ನು ಕಣ್ಣಾರೆ ಕಂಡೂ ಇದ್ದೆ.

ಹೊರಗೆ ವರಾಂಡದಲ್ಲಿ ಡಾಕ್ಟರು, “ಎರಡು ದಿನ, ಹೆಚ್ಚೆಂದರೆ ಮೂರು. ಮನೆಯವರಿಗೆ ತಿಳಿಸಿಬಿಡಿ,” ಎಂದರು. ಕೇಸ್ ಶೀಟಿನಲ್ಲಿ ‘ಸಿಂಕಿಂಗ್’ ಎಂದು ಬರೆದು ಸಹಿ ಹಾಕಿದರು. ಹೋಗುತ್ತಿದ್ದಾರೆ ಎನ್ನುವುದಕ್ಕೆ ಡಾಕ್ಟರುಗಳ ಮಾತು ಅದು. ವಾರ್ಡಿನ ಪುಸ್ತಕದಲ್ಲಿ ಅದೇ ಪದವನ್ನು ನಾನು ನನ್ನ ದುಂಡು ಅಕ್ಷರದಲ್ಲಿ ಬರೆದುಕೊಂಡೆ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಒಬ್ಬರು ಸಾಯುವುದನ್ನು ಉಳಿದ ಇಪ್ಪತ್ತೈದು ಜನ ನೋಡುವುದು ಬೇಡವೆಂದು, ಈ ಪದ ಬಿದ್ದವರನ್ನು ಬಂಗಲೆಯ ಹಿಂಭಾಗದ ಸಣ್ಣ ಕೋಣೆಗೆ ಒಯ್ಯುತ್ತಿದ್ದೆವು. ಉದ್ದೇಶ ಒಳ್ಳೆಯದೇ. ಆದರೆ ಅಲ್ಲಿಗೆ ಹೋದ ಮೇಲೆ ನಾವು ಮಾಡುತ್ತಿದ್ದುದನ್ನು ಈಗ ಬರೆಯಲು ಕೈ ತಡೆಯುತ್ತದೆ. ಚಾರ್ಟ್ ತೆಗೆದುಬಿಡುತ್ತಿದ್ದೆವು. ಇಂಜೆಕ್ಷನ್ ನಿಲ್ಲುತ್ತಿತ್ತು. ಹೊಟ್ಟೆಗೆ ಚಮಚದಲ್ಲಿ ಹಾಲು, ಗಂಜಿಯ ತಿಳಿ, ಅಷ್ಟೆ. ಹೋಗುವ ಜೀವಕ್ಕೆ ಅನ್ನ ತುರುಕಿ ಹಿಂಸೆ ಕೊಡಬಾರದು ಎಂದು ಆಯಾ ಮರುದಾಯಿ ಹೇಳುತ್ತಿದ್ದಳು, ನಾನು ತಲೆಯಾಡಿಸುತ್ತಿದ್ದೆ. ಮಂಚದ ಪಕ್ಕ ಒಂದು ತಟ್ಟೆಯಲ್ಲಿ ವಿಭೂತಿ ಇಟ್ಟಿರುತ್ತಿದ್ದೆವು.

ಸೋಮವಾರ ಸಂಜೆ ಚೌಡಮ್ಮ ಆ ಕೋಣೆಗೆ ಹೋದರು. ಮಂಗಳವಾರ ನಂಜಮ್ಮನಿಗೆ ಕಾರ್ಡು ಹಾಕಿದೆ. ಎರಡು ದಿನ ಕಳೆಯಿತು, ಮೂರಾಯಿತು. ಚೌಡಮ್ಮ ಹೋಗಲಿಲ್ಲ. ಬೆರಳುಗಳೂ ನಿಲ್ಲಲಿಲ್ಲ. ಆಗಾಗ ಕೈ ಚಾಚಿ ತಟ್ಟೆಯ ವಿಭೂತಿಯನ್ನು ಮುಟ್ಟಿ ಮತ್ತೆ ಚಾದರದ ಅಂಚಿಗೆ ಹೋಗುತ್ತಿದ್ದರು. ಎಂಥ ಭಕ್ತಿ ಎಂದು ಮರುದಾಯಿ ಕೈಮುಗಿದಳು. ಶುಕ್ರವಾರ ಡಾಕ್ಟರು ಬಾಗಿಲಲ್ಲೇ ನಿಂತು, “ಇನ್ನೂ ಇದ್ದಾರಾ?” ಎಂದರು. ಮುಂದಿನ ಸೋಮವಾರವೂ ಅದೇ ಪ್ರಶ್ನೆ. ಜ್ವರ ಇದೆಯೇ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನಾನು ಥರ್ಮಾಮೀಟರ್ ಇಟ್ಟೇ ಏಳು ದಿನವಾಗಿತ್ತು.

ಬುಧವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ನಂಜಮ್ಮ ಬಂದಳು. ಕಾರ್ಡು ಮುಟ್ಟಿ ಆರು ದಿನವಾಗಿತ್ತು. ಇಷ್ಟು ತಡವೇಕೆ ಎಂದು ನಾನು ಗದರಿಸಿದೆ. ಅವಳು ಕಂಕುಳಲ್ಲಿದ್ದ ಗಂಟನ್ನು ತೋರಿಸಿದಳು.

“ದೊಡ್ಡಮ್ಮಗೆ ಕಡೇ ಸೀರೆ ಅಕ್ಕಾ. ನಮ್ಮ ಮಗ್ಗದ್ದೇ ಆಗ್ಬೇಕಲ್ಲ, ಕಡೇಲಿ ಕೊಂಡ ಸೀರೆ ಹೊದಿಸಕ್ಕಾಗ್ತದಾ? ಹಗಲೆಲ್ಲಾ ಕೂತು ನೆಯ್ದು ಇಳಿಸ್ಕೊಂಡು ಬಂದೆ.”

ಅವರ ಕಡೆಯ ಮಾತಿನಲ್ಲಿ ಕಡೆ ಎಂದರೆ ಅಂಗಡಿಯೂ ಹೌದು. ಸಾಯುವವರನ್ನು ನೋಡಲು ಓಡಿ ಬರುವುದನ್ನು ಬಿಟ್ಟು ಸೀರೆ ನೇಯುತ್ತ ಕೂತಿದ್ದಳಲ್ಲ ಎಂದು ನನಗೆ ಸಿಟ್ಟು ಬಂತು. ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ.

ನಂಜಮ್ಮ ಮಂಚದ ಪಕ್ಕ ನೆಲದ ಮೇಲೆ ಅಳುತ್ತ ಕುಸಿದು, ಗಂಟು ಬಿಚ್ಚಿ, ಆ ಸೀರೆಯನ್ನು ಚೌಡಮ್ಮನ ಎದೆಯ ಮೇಲೆ ಇಟ್ಟಳು. ಚಾದರದ ಮೇಲಿದ್ದ ಬೆರಳುಗಳು ನಿಂತವು. ಸೀರೆಯ ಮೈ ಸವರಿದವು, ಮಡಿಕೆ ಬಿಡಿಸಿದವು, ಅಂಚನ್ನು ಹುಡುಕಿ ಹಿಡಿದು ಹೆಬ್ಬೆರಳಿನಿಂದ ಒಂದು ಮೊಳದಷ್ಟು ಉಜ್ಜಿ ನೋಡಿದವು. ಒಂಬತ್ತು ದಿನ ಬಾಯಿ ಬಿಡದ ಚೌಡಮ್ಮ ಮಾತನಾಡಿದರು.

“ಇದ ಯಾರು ನೆಯ್ದದ್ದು? ಕರೆ ತೊಳತೊಳ ಅಂತದೆ.”

ಅಂಚಿನ ಬಿಗಿ ಸಾಲದು, ಸಡಿಲವಾಗಿದೆ ಎಂದು. ನಂಜಮ್ಮನ ಅಳು ಹಾಗೇ ನಿಂತುಹೋಯಿತು. “ನಾನೇ ದೊಡ್ಡಮ್ಮ, ಅವಸರದಾಗೆ ನೆಯ್ದೆ,” ಎಂದಳು.

“ಅವಸರ ಏನು?” ಎಂದು ಚೌಡಮ್ಮ ಕೇಳಿದರು.

ಬೆರಳುಗಳು ಸೀರೆ ಬಿಟ್ಟು ಮತ್ತೆ ಚಾದರಕ್ಕೆ ಹೋದವು. ನಾನು ನಂಜಮ್ಮನಿಗೆ ಮೆಲ್ಲಗೆ, ಪ್ರಾಣ ಹೋಗುವ ಮುಂಚೆ ಹೀಗೆ ಬಟ್ಟೆ ಕೀಳುತ್ತಾರೆ, ನೀನು ಹೆದರಬೇಡ ಎಂದೆ. ಅವಳು ಬಗ್ಗಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಮರೆತಿಲ್ಲ.

“ಏನಕ್ಕಾ ಹಿಂಗಂತೀರಿ? ಕೀಳ್ತಾ ಇಲ್ಲ. ಪಾವು ಕೆಚ್ತಾ ಅವಳೆ.”

ಪಾವು ಎಂದರೆ ಮಗ್ಗದ ಉದ್ದನೆಯ ಹಾಸು ನೂಲು. ಒಂದು ಹಾಸು ಮುಗಿದಾಗ ಅದರ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಸೇರಿಸಬೇಕು. ಗಂಟು ಹಾಕುವಂತಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ಎರಡು ತುದಿಗಳನ್ನಿಟ್ಟು ಹೊಸೆದರೆ ಸೇರಿಕೊಳ್ಳುತ್ತದೆ. ಇದೇ ಕೆಚ್ಚುವುದು. ಸಾವಿರಾರು ಎಳೆ. ಹೆಚ್ಚಾಗಿ ಹೆಂಗಸರ ಕೆಲಸ. ಬೆರಳು ಜಾರದಿರಲೆಂದು ಪಕ್ಕದಲ್ಲಿ ಬೂದಿ ಇಟ್ಟುಕೊಂಡು ಆಗಾಗ ಮುಟ್ಟಿಕೊಳ್ಳುತ್ತಾರೆ. ಇದೆಲ್ಲ ನಂಜಮ್ಮ ಆ ದಿನ ನನಗೆ ಹೇಳಿದ್ದು. ಚೌಡಮ್ಮ ಆ ಊರಿನಲ್ಲಿ ಐವತ್ತು ವರ್ಷ ಇದೇ ಕೆಲಸ ಮಾಡಿದ್ದರಂತೆ, ಕಣ್ಣಿಗೆ ಪೊರೆ ಬಂದ ಮೇಲೂ ಬರೀ ಬೆರಳಿನಲ್ಲಿ.

ನಾನು ಚಾದರದ ಅಂಚನ್ನು ಕಿಟಕಿಯ ಕಡೆ ಹಿಡಿದೆ. ಹಳೆಯ ಚಾದರ, ಅಂಚು ಜೂಲಾಗಿತ್ತು. ಕೀಳುತ್ತಿದ್ದರೆ ಎಳೆಗಳು ಇನ್ನಷ್ಟು ಬಿಡಿಬಿಡಿಯಾಗಬೇಕಿತ್ತು. ಆದರೆ ಒಂದು ಗೇಣಿನಷ್ಟು ಉದ್ದಕ್ಕೆ ಎಳೆಗಳು ಒಂದಕ್ಕೊಂದು ಹೊಸೆದುಕೊಂಡು ಸಾಲಾಗಿ ನಿಂತಿದ್ದವು. ಒಂದು ಗಂಟೂ ಇರಲಿಲ್ಲ. ಒಂದು ಸುಕ್ಕನ್ನೂ ಸಹಿಸದಿದ್ದ ನಾನು ಒಂಬತ್ತು ದಿನ ಆ ಚಾದರವನ್ನು ನೋಡಿಯೇ ಇರಲಿಲ್ಲ.

ಥರ್ಮಾಮೀಟರ್ ತಂದೆ. ತೊಂಬತ್ತೆಂಟು. ಜ್ವರ ಬಿಟ್ಟು ಎಷ್ಟು ದಿನವಾಗಿತ್ತೋ ದೇವರಿಗೇ ಗೊತ್ತು. ಹೊರಳಿಸಿ ನೋಡಿದೆ. ಸೊಂಟದ ಕೆಳಗೆ ಅಂಗೈಯಗಲ ಹಾಸಿಗೆಹುಣ್ಣು. ಹೊರಳಿಸದೆ ಮಲಗಿಸಿದ್ದಕ್ಕೆ ಬಂದದ್ದು, ಅಂದರೆ ನಾನು ತರಿಸಿದ್ದು. ನಾಚಿಕೆ ಎಂಬ ಮಾತು ಆ ಹೊತ್ತಿನ ನನ್ನ ಸ್ಥಿತಿಗೆ ಸಾಲದು.

ಡಾಕ್ಟರು ಬರೆದ ‘ಸಿಂಕಿಂಗ್’ ಕಾಗದದ ಮೇಲೆ ಹಾಗೆಯೇ ಇತ್ತು. ಅವರು ಬರಲು ಇನ್ನೂ ಎರಡು ದಿನ. ಅವರು ಬರೆದದ್ದನ್ನು ಮೀರುವ ಅಧಿಕಾರ ನನಗಿರಲಿಲ್ಲ. ಆದರೂ ಆ ದಿನ ಮಧ್ಯಾಹ್ನ ಮೆತ್ತಗೆ ಬೇಯಿಸಿದ ಅನ್ನಕ್ಕೆ ಬೇಳೆ ಹಿಸುಕಿ ನಾನೇ ತಿನ್ನಿಸಿದೆ. ಚೌಡಮ್ಮ ತಿಂದರು. ಇನ್ನೂ ಬೇಕೆ ಎಂದೆ, ಕನ್ನಡದಲ್ಲಿ. ಅವರೊಡನೆ ಡ್ಯೂಟಿಯ ಮೇಲೆ ನಾನು ಆಡಿದ ಮೊದಲ ಕನ್ನಡ ಮಾತು ಅದು. “ಇದ್ರೆ ಹಾಕಿ,” ಎಂದರು.

ಶುಕ್ರವಾರ ನಡೆದದ್ದನ್ನೆಲ್ಲ ಡಾಕ್ಟರಿಗೆ ಹೇಳಿ, ಚಾದರವನ್ನು ಅವರ ಕೈಗೆ ಕೊಟ್ಟೆ. ಬೈಗುಳಕ್ಕೆ ಸಿದ್ಧಳಾಗಿಯೇ ನಿಂತಿದ್ದೆ. ಅವರು ಕನ್ನಡಕ ಒರೆಸಿಕೊಂಡು ಅಂಚನ್ನು ಎರಡು ಸಲ ನೋಡಿದರು. ಕೇಸ್ ಶೀಟ್ ತರಿಸಿ ತಾವು ಬರೆದ ಪದವನ್ನು ಹೊಡೆದುಹಾಕಿ, ಕೆಳಗೆ ‘ಫುಲ್ ಡಯಟ್’ ಎಂದು ಬರೆದರು. ಆಮೇಲೆ ಆ ಹುಣ್ಣನ್ನು ತಾವೇ ಕೂತು ಡ್ರೆಸ್ ಮಾಡಿದರು. ಸಾಮಾನ್ಯವಾಗಿ ಅವರು ಅದನ್ನು ನನಗೆ ಬಿಡುತ್ತಿದ್ದರು.

ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ಚೌಡಮ್ಮನ ಹಳೆಯ ಮಂಚವನ್ನು ಅಷ್ಟರಲ್ಲಿ ಇನ್ನೊಬ್ಬರಿಗೆ ಕೊಟ್ಟಾಗಿತ್ತು, ಬಾಗಿಲ ಪಕ್ಕದ ಮಂಚ ಸಿಕ್ಕಿತು. ನಂಜಮ್ಮ ತಿಂಗಳಿಗೊಮ್ಮೆ ಮಗ್ಗದಲ್ಲಿ ಉಳಿದ ನೂಲು ತಂದು ಕೊಡುತ್ತಿದ್ದಳು. ಚೌಡಮ್ಮ ಅದನ್ನು ಎಳೆ ಸೇರಿಸಿ ಸೇರಿಸಿ ಉಂಡೆ ಮಾಡುತ್ತಿದ್ದರು. ಅವರು ಮತ್ತೂ ಮೂರು ವರ್ಷ ಬದುಕಿದ್ದರು. ನಮ್ಮ ಅಡ್ಮಿಷನ್ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಕಾಯಿಲೆ, ಸಂಬಂಧಿಕರ ವಿಳಾಸ ಇಷ್ಟಕ್ಕೇ ಕಲಂ ಇದ್ದವು. ‘ಮಾಡುತ್ತಿದ್ದ ಕೆಲಸ’ ಎಂದು ನಾನು ಇನ್ನೊಂದು ಗೆರೆ ಎಳೆದೆ. ಟ್ರಸ್ಟಿನವರು, ಮುದುಕರಿಗೆ ಇದು ಯಾಕಮ್ಮ ಎಂದು ನಕ್ಕರು. ನಾನು ಗೆರೆಯನ್ನು ಅಳಿಸಲಿಲ್ಲ.

ಒಂದು ಪ್ರಶ್ನೆ ಮಾತ್ರ ನನ್ನನ್ನು ಕೊರೆಯುತ್ತಿತ್ತು. ಒಂದು ಬೆಳಿಗ್ಗೆ ಡ್ರೆಸಿಂಗ್ ಮಾಡುತ್ತ ಕೇಳಿಯೇ ಬಿಟ್ಟೆ.

“ಚೌಡಮ್ಮ, ಅದು ಯಾವ ಕೋಣೆ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ನಾಲ್ಕು ಜನ ಹೋದದ್ದು ಕೇಳಿದ್ನಲ್ಲ.”

“ಹಸಿವೆ ಆಗ್ತಿರಲಿಲ್ಲವಾ?”

“ಜ್ವರ ಬಿಟ್ಟಮೇಲೆ ಚೆಂದಾಗಿ ಆಗ್ತಿತ್ತು.”

“ಮತ್ತೆ ಒಂದು ಮಾತು ಕೇಳಬಾರದಿತ್ತಾ? ಅನ್ನ ಕೊಡಿ ಅಂತ?”

ಅವರು ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು. ಮುಖದಲ್ಲಿ ಯಾವ ದೂರೂ ಇರಲಿಲ್ಲ.

“ಹೊರಗೆ ನೀವು ಆಡಿದ್ದು ಕೇಳ್ತಿತ್ತು. ಡಾಕ್ಟ್ರು ಬರೆದ್ರು, ನೀವೂ ಬರ್ಕೊಂಡ್ರಿ. ಓದ್ದೋರು ತಪ್ಪಾ ಬರೀತಾರಾ? ಸಾಯೋ ಟೈಮಾಗದೆ ಅಂತ ನಾನೂ ಮಲಗ್ದೆ. ಬರ್ಲಿಲ್ಲ. ನನಗೇ ಒಂಥರಾ ಆಯ್ತು, ನಿಮ್ಗೆಲ್ಲಾ ತೊಂದ್ರೆ ಕೊಡ್ತಾ ಇದ್ದೀನಲ್ಲಾ ಅಂತ.”

ಮೂವತ್ತೊಂದು ವರ್ಷ ನಾನು ಮುದುಕರ ಸೇವೆಯಲ್ಲಿದ್ದೆ. ಆಸ್ಪತ್ರೆಯಲ್ಲಿ ನಾವು ತಪ್ಪಿದರೆ ರೋಗಿ ಕೂಗುತ್ತಾನೆ, ಮನೆಯವರು ಜಗಳಕ್ಕೆ ಬರುತ್ತಾರೆ. ವರ್ಷಗಟ್ಟಲೆ ನಮ್ಮ ಕೈಯಲ್ಲೇ ಇರುವ ಮುದುಕರು ಹಾಗಲ್ಲ. ನಾವು ಬರೆದದ್ದನ್ನು ನಂಬಿ, ಹೊಟ್ಟೆ ಹಸಿದಿದ್ದರೂ ಸುಮ್ಮನೆ ಮಲಗಿಕೊಂಡುಬಿಡುತ್ತಾರೆ. ನನಗೆ ಈ ಕೆಲಸ ಕಲಿಸಿದ್ದು ಇಷ್ಟೇ, ಅದನ್ನೂ ಒಬ್ಬ ಹೆಂಗಸನ್ನು ಒಂಬತ್ತು ದಿನ ಉಪವಾಸ ಕೆಡವಿ ನಾನು ಕಲಿತೆ.